ಎಡಗೈಯ ಮದುಮಗಳು

ನಮ್ಮ ಮಂಜೀಯಾ ಅತ್ತೆಯ ಎದುರು ಆ ಪದ ಆಡುವ ಹಾಗಿರಲಿಲ್ಲ. ವಾಂತಿ ಎಂಬ ಪದ. ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ನಾವೆಲ್ಲ ‘ಅದು’ ಅನ್ನುತ್ತಿದ್ದೆವು. ಪಕ್ಕದ ಮನೆಯ ಮಗುವಿಗೆ ‘ಅದು’ ಆಯಿತಂತೆ ಎಂದು ಯಾರಾದರೂ ಪಿಸುಗುಟ್ಟಿದರೂ ಸಾಕು, ಅತ್ತೆ ಎದ್ದು ಅಂಗಳ ದಾಟಿ, ಖರ್ಜೂರದ ಮರಗಳನ್ನು ದಾಟಿ, ಸಮುದ್ರದ ದಂಡೆಗೆ ಹೋಗಿ ನಿಂತುಬಿಡುತ್ತಿದ್ದಳು. ನಮ್ಮ ಕೆರ್ಕೆನ್ನಾ ದ್ವೀಪದಲ್ಲಿ ಎತ್ತ ನಡೆದರೂ ಸಮುದ್ರ ಸಿಗುತ್ತದೆ. ಓಡಿಹೋಗುವವರಿಗೆ ಅದೊಂದು ಅನುಕೂಲ.

ಅವಳು ನನ್ನ ಅಪ್ಪನ ತಂಗಿ. ಮದುಮಗಳಿಗೆ ಮದರಂಗಿ ಹಚ್ಚುವುದು ಅವಳ ಕಸುಬು. ನಾನು ಹನ್ನೆರಡನೇ ವಯಸ್ಸಿನಿಂದ ಅವಳ ಹಿಂದೆ ಮದರಂಗಿ ಬಟ್ಟಲು ಹೊತ್ತವಳು. ಈಗ ನನಗೆ ನಲವತ್ತಾರು, ಬಟ್ಟಲು ಇನ್ನೂ ನನ್ನ ಕೈಯಲ್ಲೇ ಇದೆ. ನಿನಗೆ ಯಾರೂ ಹಚ್ಚಲಿಲ್ಲವೇ ಎಂದು ಕೇಳಬೇಡಿ. ಹಾಗೆ ಕೇಳಿದವರಿಗೆ ನಾನು ಕೊಟ್ಟ ಉತ್ತರಗಳು ದ್ವೀಪದಲ್ಲಿ ಎಲ್ಲರಿಗೂ ಗೊತ್ತು.

ಅತ್ತೆ ಹೆದರುಪುಕ್ಕಲಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೀನು ಹಿಡಿಯುವವರ ಮನೆ ಮಗಳು. ಮೊಣಕಾಲುದ್ದದ ನೀರಿನಲ್ಲಿ ನಡೆದುಹೋಗಿ, ಮಡಕೆಯೊಳಗಿಂದ ಜೀವಂತ ಅಷ್ಟಪದಿಯನ್ನು ಎಳೆದು ತೆಗೆಯುವವಳು. ನಾಯಿ, ಹಾವು, ಕತ್ತಲು, ಪೊಲೀಸು, ಯಾವುದಕ್ಕೂ ಜಗ್ಗಿದವಳಲ್ಲ. ‘ಅದು’ ಒಂದಕ್ಕೆ ಮಾತ್ರ. ಹಾಲನ್ನು ಮೂರು ಸಲ ಮೂಸಿ ನೋಡುವಳು. ಮದುವೆ ಮನೆಯಲ್ಲಿ ಎಷ್ಟು ಬಗೆಯ ಅಡುಗೆ ಮಾಡಿದ್ದರೂ ಅವಳಿಗೆ ಒಣ ರೊಟ್ಟಿ ಮತ್ತು ತಾನೇ ಸುಲಿದ ಬೇಯಿಸಿದ ಮೊಟ್ಟೆ. ಎಲ್ಲಿ ಕೂತರೂ ಬಾಗಿಲ ಹತ್ತಿರವೇ ಕೂರುವಳು. ಸೆರಗಿನ ಗಂಟಿನಲ್ಲಿ ಸದಾ ಅರ್ಧ ನಿಂಬೆಹಣ್ಣು. ತನಗೆ ಕೊನೆಯ ಸಲ ಅದು ಆದದ್ದು ಹದಿನೇಳನೇ ವಯಸ್ಸಿನಲ್ಲಿ, ಬಕ್ರೀದಿನ ಮರುದಿನ, ಮಧ್ಯಾಹ್ನ ಇಳಿಯುವಾಗಿನ ಅಸರ್ ಬಾಂಗಿನ ಹೊತ್ತಿಗೆ ಎಂದು ಅವಳಿಗೆ ನೆನಪಿದೆ. ಮಗಳು ಹುಟ್ಟಿದ ಹೊತ್ತು ಕೇಳಿದರೆ ಮಾತ್ರ ಸ್ವಲ್ಪ ಯೋಚನೆ ಮಾಡುತ್ತಾಳೆ.

ಆಸ್ಪತ್ರೆಗೆ ಬಂದ ಹೊಸ ಡಾಕ್ಟರೊಬ್ಬರು, ಚಿಕ್ಕಂದಿನಲ್ಲಿ ಏನಾಗಿತ್ತು ಎಂದು ಬಹಳ ಕೆದಕಿದರು. ಏನೂ ಆಗಿರಲಿಲ್ಲ. ಕೆಲವರಿಗೆ ಹುಟ್ಟಿನಿಂದ ಹುಬ್ಬು ಕೂಡಿರುತ್ತದೆ, ಅತ್ತೆಗೆ ಇದು ಬಂದಿತ್ತು, ಅಷ್ಟೇ.

ಆದರೆ ಬಟ್ಟಲು ಹೊತ್ತು ಪಕ್ಕದಲ್ಲೇ ನಡೆದ ನನಗೆ ಒಂದು ವಿಷಯ ಬೇಗ ಗೊತ್ತಾಯಿತು. ಅತ್ತೆ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಕಿವಿ ಕೊಟ್ಟರೆ ಮಾತು ಕೇಳುತ್ತಿತ್ತು. ‘ಬರತ್ತೆ ಈಗ. ಗಂಟಲಲ್ಲಿ ಬಂತು ನೋಡು. ಎಲ್ಲರ ಎದುರು ಮಾನ ಹೋಗತ್ತೆ ನಿಂದು. ಇಷ್ಟು ವಯಸ್ಸಾಗಿದೆ, ನಾಚಿಕೆ ಇಲ್ಲ. ಏಳು, ಓಡು.’ ಸವತಿಯೂ ಆಡದ ಮಾತನ್ನು ತನಗೆ ತಾನೇ ಆಡಿಕೊಳ್ಳುವಳು. ಹಾಗೆ ಆಡಿಕೊಂಡ ಮೇಲೆಯೇ ಮುಖ ಹಳದಿಯಾಗುತ್ತಿತ್ತು, ಹಣೆ ಬೆವರುತ್ತಿತ್ತು. ಬೇರೆಯವರಿಗೆ ವಾಕರಿಕೆ ಹೊಟ್ಟೆಯಿಂದ ಬಾಯಿಗೆ ಬಂದರೆ ಅತ್ತೆಗೆ ಬಾಯಿಂದ ಹೊಟ್ಟೆಗೆ ಇಳಿಯುತ್ತಿತ್ತು. ಕೆಲವು ಸಲ ‘ಏನೂ ಆಗಲ್ಲ, ಏನೂ ಆಗಲ್ಲ’ ಎಂದು ಸಮಾಧಾನವನ್ನೂ ಹೇಳಿಕೊಳ್ಳುವಳು. ಅದರಿಂದ ಇನ್ನೂ ಹೆಚ್ಚಾಗುತ್ತಿತ್ತು. ಏನೂ ಆಗಲ್ಲ ಎಂದು ಯಾರು ಗ್ಯಾರಂಟಿ ಕೊಡುತ್ತಾರೆ? ಅವಳೇನು ದಡ್ಡಳೇ, ಅದನ್ನು ನಂಬಲು?

ಇಂಥವಳ ಕಸುಬು ಎಂಥದ್ದು ನೋಡಿ. ನಮ್ಮಲ್ಲಿ ಮದುವೆ ವಾರವಿಡೀ ನಡೆಯುತ್ತದೆ. ಮದರಂಗಿಯ ದಿನ ಮದುಮಗಳು ಬೆಳಗಿನಿಂದ ಸರಿಯಾಗಿ ತಿಂದಿರುವುದಿಲ್ಲ. ಮೈಮೇಲೆ ಹೊರಲಾರದಷ್ಟು ಜರಿ ಬಟ್ಟೆ, ಕೋಣೆಯ ತುಂಬ ಹೆಂಗಸರು, ಧೂಪದ ಹೊಗೆ, ಹೊರಗೆ ಡೋಲು ಮತ್ತು ಓಲಗ. ಹತ್ತರಲ್ಲಿ ನಾಲ್ಕು ಹುಡುಗಿಯರು ಅತ್ತೆಯ ಕಿವಿಯಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು, ‘ಲೆಲ್ಲಾ ಮಂಜೀಯಾ, ಹೊಟ್ಟೆ ತೊಳಸ್ತಿದೆ.’ ಲೆಲ್ಲಾ ಅಂದರೆ ನಮ್ಮಲ್ಲಿ ದೊಡ್ಡ ಹೆಂಗಸರನ್ನು ಅಮ್ಮಾ ಎಂದು ಕರೆದ ಹಾಗೆ.

ಅಲ್ಲಿ ಮಾತ್ರ ಅತ್ತೆ ಓಡುತ್ತಿರಲಿಲ್ಲ. ಓಡುವ ಹಾಗಿರಲಿಲ್ಲ. ಮದರಂಗಿ ಹಚ್ಚುವವರಿಗೆ ಒಂದು ನಿಯಮ ಇದೆ. ಬಿಸ್ಮಿಲ್ಲಾ ಹೇಳಿ ಮದುಮಗಳ ಕೈ ಹಿಡಿದರೆ, ಮದರಂಗಿ ಮೆತ್ತಿ, ಕೈಗೆ ಬಟ್ಟೆ ಸುತ್ತಿ ಗಂಟು ಹಾಕುವವರೆಗೆ ಆ ಕೈ ಬಿಡಬಾರದು. ಮನೆಗೆ ಬೆಂಕಿ ಬಿದ್ದರೂ ಬಿಡಬಾರದು ಎಂದು ಅತ್ತೆಗೆ ಕೆಲಸ ಕಲಿಸಿದ ಮುದುಕಿ ಹೇಳಿದ್ದಳಂತೆ. ನಡುವೆ ಬಿಟ್ಟರೆ ಆ ಹುಡುಗಿಯ ಸಂಸಾರ ನಡುವೆ ನಿಲ್ಲುತ್ತದೆ ಎಂದು ನಂಬಿಕೆ. ಗಂಟು ಬಿತ್ತು ಅಂದರೆ ಕೆಲಸ ಮುಗಿಯಿತು, ಎದ್ದು ಎಲ್ಲಿಗೆ ಬೇಕಾದರೂ ಹೋಗಬಹುದು.

ಹಾಗಾಗಿ ಅತ್ತೆ ಆ ಹುಡುಗಿಯ ಅಂಗೈ ಮೇಲೆ ಬಾಗಿಕೊಂಡೇ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು:

“ಬಂದ್ರೆ ಬರ್ಲಿ ಮಗಳೇ. ನಾನಿಲ್ಲೇ ಇದ್ದೀನಿ. ಕೈ ಬಿಡಲ್ಲ.”

ಅಷ್ಟೇ ಮಾತು. ಮೂವತ್ತನಾಲ್ಕು ವರ್ಷದಲ್ಲಿ ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬರುವುದಿಲ್ಲ ಎಂದು ಅವಳು ಯಾವ ಹುಡುಗಿಗೂ ಸುಳ್ಳು ಹೇಳಲಿಲ್ಲ. ಬಂದರೆ ಬರಲಿ ಅನ್ನುತ್ತಿದ್ದಳು. ಹುಡುಗಿಯ ಉಸಿರು ಮೆಲ್ಲಗೆ ಇಳಿಯುತ್ತಿತ್ತು, ಬೆರಳು ಸಡಿಲವಾಗುತ್ತಿತ್ತು. ಒಬ್ಬಳಿಗೂ ಅದು ಬರಲಿಲ್ಲ. ಅತ್ತೆ ಅದನ್ನು ತನ್ನ ಅದೃಷ್ಟ ಎಂದುಕೊಂಡಿದ್ದಳು. ಗಂಟು ಹಾಕಿ ಹೊರಗೆ ಬಂದವಳು ಸೆರಗಿನ ನಿಂಬೆಹಣ್ಣು ಮೂಸುತ್ತ ದಂಡೆಗೆ ಓಡುತ್ತಿದ್ದುದನ್ನು ನಾನೊಬ್ಬಳೇ ನೋಡುತ್ತಿದ್ದೆ.

ಅವಳಿಗೆ ಒಬ್ಬಳೇ ಮಗಳು, ಸುಂದುಸ್. ಸುಂದುಸ್ ಬಸಿರಲ್ಲಿದ್ದಾಗ ಅತ್ತೆಗೆ ಒಂದು ಸಲವೂ ಅದು ಆಗಲಿಲ್ಲ. ಆದರೆ ಆಗಬಹುದು ಎಂಬ ಹೆದರಿಕೆಯಲ್ಲೇ ಒಂಬತ್ತು ತಿಂಗಳು ಕಳೆದು, ಇನ್ನೊಂದು ಮಗು ಬೇಡವೆಂದಳು. ಅಮ್ಮಾರ್ ಮಾವ ಒಪ್ಪಿದ. ಅಂಥ ಗಂಡ ಸಿಗುವುದು ಕಷ್ಟ. ಮಗುವಿಗೆ ಹುಷಾರು ತಪ್ಪಿದಾಗಲೆಲ್ಲ ಬೋಗುಣಿ ಹಿಡಿದವನು, ಬೆನ್ನು ಸವರಿದವನು, ಚಾಪೆ ತೊಳೆದವನು ಅವನೇ. ಅತ್ತೆ ಬಾಗಿಲು ಹಾಕಿಕೊಂಡು ಆಚೆ ನಿಂತು ‘ನಿಂತಿತಾ? ನಿಂತಿತಾ?’ ಎಂದು ಕೇಳುತ್ತಿದ್ದಳು. ಅವಳು ಅತ್ತು ಅತ್ತು ಕಣ್ಣು ಊದಿಸಿಕೊಳ್ಳುತ್ತಿದ್ದುದು ಬಾಗಿಲ ಈಚೆಗಿದ್ದ ಮಗುವಿಗೆ ಹೇಗೆ ತಿಳಿಯಬೇಕು?

ಸುಂದುಸ್‌ಗೆ ಅದು ಮರೆಯಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳ ಮದುವೆಯಾಯಿತು. ಹುಡುಗ ಎದುರು ದಡದ ಸ್ಫಾಕ್ಸ್ ಊರಿನವನು. ಮದರಂಗಿಯ ದಿನ ಅವಳಿಗೂ ತಲೆ ಸುತ್ತಿತು. ಅತ್ತೆ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು. ಸುಂದುಸ್ ತಲೆ ಎತ್ತದೆ, ಬಟ್ಟಲು ಹಿಡಿದ ನನಗೆ ಮತ್ತು ಅತ್ತೆಗೆ ಮಾತ್ರ ಕೇಳುವಂತೆ ಅಂದಳು: “ಇದು ನಿನ್ನ ಕಸುಬಿನ ಮಾತು ಅಮ್ಮ. ಊರಿನ ಹುಡುಗೀರಿಗೆಲ್ಲ ಹೇಳ್ತೀಯ. ನಂಗೆ ಏಳು ವರ್ಷ ಆಗಿದ್ದಾಗ ಹೇಳ್ಬೇಕಿತ್ತು.”

ಅತ್ತೆ ಆ ಕೈಯನ್ನೂ ಬಿಡಲಿಲ್ಲ. ಗಂಟು ಹಾಕಿ ಹೊರಗೆ ಹೋದಳು. ಅವತ್ತು ದಂಡೆಯಿಂದ ಅವಳನ್ನು ಕರೆತರಲು ನನಗೆ ಸಾಕುಸಾಕಾಯಿತು.

ಮಗಳು ಸ್ಫಾಕ್ಸ್‌ಗೆ ಹೋದಳು. ಅತ್ತೆ ಅವಳ ಮನೆಯನ್ನು ಒಂದು ಸಲವೂ ನೋಡಲಿಲ್ಲ. ಹೋಗಬೇಕಾದರೆ ಹಡಗು ಹತ್ತಬೇಕು, ಒಂದೂಕಾಲು ಗಂಟೆಯ ದಾರಿ. ಗಾಳಿ ಎದ್ದ ದಿನ ಹಡಗಿನ ಹುಡುಗರು ಕಪ್ಪು ಪ್ಲಾಸ್ಟಿಕ್ ಚೀಲ ಹಂಚುತ್ತಾರೆ, ಅದು ಯಾತಕ್ಕೆ ಎಂದು ಅತ್ತೆಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ ಅವಳು ಹಡಗಿನ ಮುಖ ನೋಡಿರಲಿಲ್ಲ. ಅಮ್ಮಾರ್ ಮಾವ ಇರುವವರೆಗೆ ಅವನು ಹೋಗಿಬರುತ್ತಿದ್ದ. ಎರಡು ವರ್ಷದ ಹಿಂದೆ ಅವನು ತೀರಿಕೊಂಡ.

ಈ ವರ್ಷ ವಸಂತದಲ್ಲಿ ಸುಂದುಸ್ ಬಸಿರಾದಳು. ಸಂತೋಷದ ಸುದ್ದಿ ಬಂದ ಹಿಂದೆಯೇ ಇನ್ನೊಂದು ಸುದ್ದಿ ಬಂತು. ನೀರು ಕುಡಿದರೂ ನಿಲ್ಲುತ್ತಿಲ್ಲ, ದಿನಕ್ಕೆ ಹದಿನೈದು ಸಲ ಆಗುತ್ತದೆ, ಆಸ್ಪತ್ರೆಯಲ್ಲಿ ಐದು ದಿನ ಗ್ಲೂಕೋಸ್ ಹಾಕಿ ಮನೆಗೆ ಕಳಿಸಿದ್ದಾರೆ, ಹುಡುಗಿ ಕಡ್ಡಿಯಾಗಿದ್ದಾಳೆ ಎಂದು ಅವಳ ಗಂಡನ ತಾಯಿ ಸಾಲ್ಹಾ ಫೋನು ಮಾಡಿದಳು. ನಾನು ಸುಂದುಸ್ ಕೈಗೆ ಫೋನು ಕೊಡಿಸಿ, ಸ್ಪೀಕರ್ ಹಾಕಿ, ಮಂಜೀಯಾ ಅತ್ತೆಯ ಮುಂದೆ ಹಿಡಿದೆ. ಬರುತ್ತೇನೆ ಮಗಳೇ ಎಂದಳು ಅತ್ತೆ.

“ಬರ್ಬೇಡ ಅಮ್ಮ. ನಿನ್ ಕೈಲಾಗಲ್ಲ, ನಂಗೊತ್ತು. ಪರ್ವಾಗಿಲ್ಲ.”

ಆ ‘ಪರ್ವಾಗಿಲ್ಲ’ ಕೇಳಿ ಅತ್ತೆ ಎರಡು ದಿನ ಒಲೆ ಹಚ್ಚಲಿಲ್ಲ. ಮಗಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮಗಳು ಆಸೆ ಬಿಟ್ಟಿದ್ದಳು, ಅದು ತಡೆಯದಾಯಿತು.

ಮೂರನೇ ದಿನ ಹೊರಟೆವು. ಬಂದರಿನಲ್ಲಿ ಟಿಕೆಟ್ಟು ತೆಗೆದುಕೊಂಡು ಕೂತೆವು. ಅತ್ತೆಯ ತುಟಿ ಶುರುವಾಯಿತು. ‘ಗಾಳಿ ನೋಡು. ಬರತ್ತೆ. ಹಡಗಿನಲ್ಲಿ ಓಡೋಕೆ ಜಾಗ ಇರಲ್ಲ. ಬರತ್ತೆ.’ ಹಡಗು ದಡಕ್ಕೆ ಬರುವಷ್ಟರಲ್ಲಿ ಅವಳು ವಾಪಸು ಊರಿನ ದಾರಿ ಹಿಡಿದಾಗಿತ್ತು. ಮತ್ತೆ ಎರಡು ದಿನ ಬಿಟ್ಟು ಹೋದೆವು. ಈ ಸಲ ಹಡಗಿನೊಳಗೇ ಹೋದಳು. ಕಾರುಗಳೆಲ್ಲ ಹತ್ತಿ, ಸೇತುವೆಯ ಹಾಗೆ ದಡಕ್ಕೆ ಚಾಚಿದ್ದ ಬಾಗಿಲು ಮೇಲೇಳುವ ಹೊತ್ತಿಗೆ, ಕಾರುಗಳ ಸಂದಿಯಲ್ಲಿ ನುಸುಳಿ ಹೊರಗೆ ಹಾರಿದಳು. ಹಗ್ಗ ಹಿಡಿದಿದ್ದವನು, ಲೆಲ್ಲಾ ನೀವು ಹತ್ತೋಕೆ ಬಂದಿದ್ದೋ ಇಳಿಯೋಕೆ ಬಂದಿದ್ದೋ ಎಂದು ಕೇಳಿದ. ಎಲ್ಲರೂ ನಕ್ಕರು. ನನಗೂ ನಗು ಬಂತು, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮನೆಗೆ ಬಂದವಳು ಅಡುಗೆಮನೆಯ ಮೂಲೆಯಲ್ಲಿ ಕೂತು ತನ್ನನ್ನು ತಾನು ಬೈದುಕೊಳ್ಳತೊಡಗಿದಳು. ಹೇಡಿ, ದರಿದ್ರದವಳು, ಹೆತ್ತವಳಲ್ಲ ಕಲ್ಲು, ಇಂಥವಳು ಇದ್ದರೇನು ಸತ್ತರೇನು. ನನ್ನ ಸಿಟ್ಟು ಊರಿಗೆಲ್ಲ ಗೊತ್ತು, ಅವತ್ತು ಅದು ನೆತ್ತಿಗೇರಿತು.

“ಅತ್ತೆ, ಈ ಮಾತನ್ನ ಯಾವ ಮದುಮಗಳಿಗಾದ್ರೂ ಹೇಳಿದೀಯಾ?” ಎಂದೆ. “ಹೊಟ್ಟೆ ತೊಳಸತ್ತೆ ಅಂತ ಬಂದ ಹುಡುಗಿಗೆ, ಹೇಡಿ, ದರಿದ್ರದವಳೇ ಅಂದಿದ್ರೆ ಅವಳ ಗತಿ ಏನಾಗ್ತಿತ್ತು?”

“ಆ ಹುಡುಗೀರು ಬೇರೆ, ನಾನು ಬೇರೆ.”

“ಏನು ಬೇರೆ?”

“ಅವರು ಹೆತ್ತವರ ಮುದ್ದಿನ ಮಕ್ಕಳು ಕಣೇ.”

“ನಿನ್ನನ್ನೇನು ಅಲೆ ತಂದು ಹಾಕಿತ್ತಾ? ನೀನೂ ಒಬ್ಬ ತಾಯಿ ಹೆತ್ತ ಮಗಳೇ.”

ಅತ್ತೆ ನನ್ನ ಮುಖ ನೋಡಿದಳು. ಅರವತ್ತೆರಡು ವರ್ಷದ ಹೆಂಗಸು, ಯಾರೋ ಹೊಸ ಸುದ್ದಿ ಹೇಳಿದ ಹಾಗೆ ನೋಡಿದಳು. ಆಮೇಲೆ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡುತ್ತ ಕೂತಳು. ನಾನು ಏನೋ ಹೆಚ್ಚು ಮಾತಾಡಿದೆ ಎಂದುಕೊಂಡು ಎದ್ದು ಹೋದೆ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಅತ್ತೆ ಮದರಂಗಿ ಕಲಸುತ್ತಿದ್ದಳು. ಯಾರ ಮದುವೆ ಎಂದು ಕೇಳಿದೆ. ಬಟ್ಟಲು ತಗೋ, ಹಡಗಿಗೆ ಹೊತ್ತಾಯಿತು ಎಂದಳು. ಸುತ್ತುವ ಬಟ್ಟೆಯನ್ನೂ ಕಿತ್ತಳೆ ಹೂವಿನ ನೀರಿನ ಸೀಸೆಯನ್ನೂ ಚೀಲಕ್ಕೆ ಹಾಕಿಕೊಂಡಳು. ಅರ್ಧ ನಿಂಬೆಹಣ್ಣು ಸೆರಗಿನಲ್ಲಿ ಇದ್ದೇ ಇತ್ತು.

ಅವತ್ತು ಗಾಳಿಯೂ ಜೋರಾಗಿತ್ತು. ಹಡಗಿನಲ್ಲಿ ಹೆಂಗಸರು ಕೂರುವ ಕಡೆ ಬೆಂಚಿನ ತುದಿಯಲ್ಲಿ ಕೂತೆವು. ಬಾಗಿಲು ಮೇಲೇಳುವ ಸದ್ದು ಕೇಳಿದ್ದೇ ಅತ್ತೆಯ ಮುಖ ಹಳದಿಯಾಯಿತು. ತುಟಿ ಅಲ್ಲಾಡಿತು. ಬರತ್ತೆ, ಈಗ ಬರತ್ತೆ. ಅವಳು ಅರ್ಧ ಎದ್ದಳು. ಎದ್ದವಳು ಅಲ್ಲೇ ಕಣ್ಣು ಮುಚ್ಚಿ, ಬಿಸ್ಮಿಲ್ಲಾ ಎಂದು ಹೇಳಿ, ತನ್ನ ಎಡಗೈಯನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟಳು. ಕೈ ಹಿಡಿದಾಯಿತು. ಇನ್ನು ಗಂಟು ಬೀಳುವವರೆಗೆ ಬಿಡುವ ಹಾಗಿಲ್ಲ.

ನನಗೆ ಆಗ ಅರ್ಥವಾಯಿತು. ಎಡಗೈ ಮದುಮಗಳದು, ಬಲಗೈ ಮದರಂಗಿ ಹಚ್ಚುವವಳದು.

ಎಡಗೈಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ನನ್ನ ಬಟ್ಟಲಿನಿಂದ ಬಲಗೈ ಬೆರಳಲ್ಲಿ ಮದರಂಗಿ ತೆಗೆದು, ಅಂಗೈಗೆ ಇಡಲು ಶುರುಮಾಡಿದಳು. ಹಡಗು ಒಂದು ಸಲ ಎದ್ದು ಬಿತ್ತು. ಎದುರು ಬೆಂಚಿನ ಮಗುವಿನ ತಾಯಿ ಕಪ್ಪು ಚೀಲ ಬಿಚ್ಚಿದಳು. ಅತ್ತೆ ಅದನ್ನು ನೋಡಿದಳು. ‘ಬಂತು ನೋಡು, ಬಂದೇ...’ ಎಂದು ತುಟಿ ಹೇಳುತ್ತಿದ್ದದ್ದು ನಡುವೆ ನಿಂತಿತು. ಅವಳು ಅಂಗೈ ಮೇಲೆ ಇನ್ನೂ ಬಾಗಿದಳು. ಮದುಮಗಳ ಮುಂದೆ ಬರುವ ಆ ತಗ್ಗಿದ ದನಿ ಬಂತು, ಆದರೆ ಈ ಸಲ ಅದು ಒಡೆದು ಒಡೆದು ಬರುತ್ತಿತ್ತು.

“ಬಂದ್ರೆ ಬರ್ಲಿ ಮಗಳೇ. ನಾನಿಲ್ಲೇ ಇದ್ದೀನಿ. ಕೈ ಬಿಡಲ್ಲ.”

ಒಂದೇ ಸಲಕ್ಕೆ ಏನೂ ಸರಿಹೋಗಲಿಲ್ಲ. ಬೆವರು ಅವಳ ಗಲ್ಲದಿಂದ ಮದರಂಗಿಯ ಮೇಲೆ ತೊಟ್ಟಿಕ್ಕಿತು. ಹಳೇ ಮಾತು ಮತ್ತೆ ಮತ್ತೆ ತುಟಿಗೆ ಬಂತು, ಬಂದಾಗಲೆಲ್ಲ ಅವಳು ಅರ್ಧಕ್ಕೆ ನಿಲ್ಲಿಸಿ ಈ ಮಾತು ಹೇಳಿದಳು. ಇಪ್ಪತ್ತು ಸಲ ಹೇಳಿದಳೋ, ನಲವತ್ತು ಸಲ ಹೇಳಿದಳೋ. ನಾನು ಬಟ್ಟಲು ಹಿಡಿದು ಪಕ್ಕದಲ್ಲಿ ಕೂತು ಕಣ್ಣೀರು ಒರೆಸಿಕೊಳ್ಳಲೂ ಆಗದೆ ಒದ್ದಾಡಿದೆ. ಕೆಳಗೆ ಆಳವಿಲ್ಲದ ನೀರಿನಲ್ಲಿ ನಮ್ಮವರು ನೆಟ್ಟ ಖರ್ಜೂರದ ಗರಿಗಳ ಮೀನುಬೇಲಿಗಳು ಒಂದೊಂದಾಗಿ ಹಿಂದೆ ಹೋದವು.

ಪರಿಚಯದ ಹೆಂಗಸೊಬ್ಬಳು ಸೂರ್ಯಕಾಂತಿ ಬೀಜ ಸುಲಿಯುತ್ತ ಬಂದು, ಯಾರ ಮದುವೆ ಲೆಲ್ಲಾ ಮಂಜೀಯಾ ಎಂದು ಕೇಳಿದಳು. ಅತ್ತೆ ತಲೆ ಎತ್ತದೆ, ನಂದೇ ಕಣಮ್ಮ, ಹುಡುಗಿ ತುಂಬ ಹೆದರಿದ್ದಾಳೆ, ಸ್ವಲ್ಪ ಸುಮ್ಮನಿರು ಎಂದಳು. ಆ ಹೆಂಗಸು ಬಾಯಿಗೆ ಹಾಕಿಕೊಳ್ಳುತ್ತಿದ್ದ ಬೀಜವನ್ನು ಕೈಯಲ್ಲೇ ಹಿಡಿದು ವಾಪಸು ಹೋದಳು.

ಸ್ಫಾಕ್ಸ್ ಕಂಡಿತು. ಅದು ಬರಲಿಲ್ಲ. ಮದರಂಗಿ ಮುಗಿದಿತ್ತು, ಅವಳ ಜೀವನದಲ್ಲೇ ಅಷ್ಟು ಸೊಟ್ಟಗೆ ಯಾವ ಕೈಗೂ ಹಚ್ಚಿರಲಿಲ್ಲ. ಬಟ್ಟೆ ಸುತ್ತಿ ಗಂಟು ಹಾಕಲು ಒಂದೇ ಕೈಯಲ್ಲಿ ಆಗುವುದಿಲ್ಲವಲ್ಲ, ನಾನು ಬಟ್ಟೆ ತೆಗೆದೆ. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡಳು.

“ಕಟ್ಬೇಡ. ಗಂಟು ಬಿದ್ರೆ ನನ್ನ ಕೆಲಸ ಮುಗೀತು ಅಂತ ಲೆಕ್ಕ. ಓಡಿಹೋಗ್ತೀನಿ.”

ಹಾಗಾಗಿ ಟ್ಯಾಕ್ಸಿಯಲ್ಲಿ ಎಡಗೈಯನ್ನು ಬಲಗೈ ಮೇಲೆ ಹೊತ್ತುಕೊಂಡೇ ಕೂತಳು. ಒಣಗದಂತೆ ನಾನು ಹೂವಿನ ನೀರು ಚಿಮುಕಿಸುತ್ತ ಹೋದೆ. ಸೀಟಿಗೆ ಬಣ್ಣ ತಾಗಿದರೆ ತೊಳೆದುಕೊಡಬೇಕು ಎಂದು ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ ನೋಡಿ ಹೇಳಿದ.

ಸುಂದುಸ್ ಎರಡನೇ ಮಹಡಿಯ ಕೋಣೆಯಲ್ಲಿ, ಕಿಟಕಿಯ ಹತ್ತಿರ ಮಲಗಿದ್ದಳು. ನಿಜವಾಗಿಯೂ ಕಡ್ಡಿಯಾಗಿದ್ದಳು. ಸಾಲ್ಹಾ ಪಕ್ಕದಲ್ಲಿ ಬೋಗುಣಿ ಹಿಡಿದು ನಿಂತಿದ್ದಳು. ಬಾಗಿಲಲ್ಲಿ ಅಮ್ಮನನ್ನು ಕಂಡ ಸುಂದುಸ್‌ಗೆ ತಾನು ಏನು ನೋಡುತ್ತಿದ್ದೇನೆ ಎಂದು ತಿಳಿಯಲಿಲ್ಲ. ಮಾತಾಡಲು ಬಾಯಿ ತೆರೆದಳು, ಅಷ್ಟರಲ್ಲಿ ಹೊಟ್ಟೆ ತಿರುಗಿತು. ಒಂದು ಕೈ ಊರಿ ಬೋಗುಣಿಯ ಕಡೆ ಬಾಗಿ, ಇನ್ನೊಂದು ಕೈಯಿಂದ ಅಮ್ಮನಿಗೆ ಹೋಗು ಹೋಗು ಎಂದು ಸನ್ನೆ ಮಾಡಿದಳು. ಅಂಥ ಹೊತ್ತಿನಲ್ಲೂ ಆ ಹುಡುಗಿ ಅಮ್ಮನನ್ನು ಕಾಪಾಡಲು ನೋಡಿದಳು.

ಅತ್ತೆ ಹೊಸಿಲಲ್ಲಿ ನಿಂತಳು. ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿತು. ಯಾವ ಮಾತು ಆಡಿಕೊಂಡಳೋ ಈ ಸಲ ನನಗೆ ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡೇ, ಕಾಲಿನಿಂದ ನೆಲ ತಡವುತ್ತ, ಆ ಸದ್ದಿನ ಕಡೆಗೇ ನಡೆದಳು. ಮಂಚಕ್ಕೆ ಮೊಣಕಾಲು ತಾಗಿತು. ಗಾಳಿಯಲ್ಲಿ ಹೋಗು ಎನ್ನುತ್ತಿದ್ದ ಮಗಳ ಕೈಯನ್ನು ಮದರಂಗಿಯ ಎಡಗೈಯಲ್ಲಿ ಹಿಡಿದುಕೊಂಡಳು. ಎಡಗೈ ಈಗ ಮಗಳ ಹಿಡಿತದಲ್ಲಿತ್ತು, ಬಿಡುವಾದ ಬಲಗೈಯಿಂದ ಸಾಲ್ಹಾಳ ಬೋಗುಣಿಯನ್ನು ತೆಗೆದುಕೊಂಡಳು.

“ಬಂದ್ರೆ ಬರ್ಲಿ ಮಗಳೇ,” ಎಂದಳು. “ನಾನಿಲ್ಲೇ ಇದ್ದೀನಿ.”

ಬಂತು. ಬಹಳ ಹೊತ್ತು ಬಂತು. ಅತ್ತೆ ಅಲುಗಾಡಲಿಲ್ಲ. ಬೋಗುಣಿಯ ಅಂಚು ಮಂಚಕ್ಕೆ ಬಡಿಯುತ್ತಿತ್ತು. ಕೊನೆಗೆ ಸುಂದುಸ್ ದಿಂಬಿಗೆ ಒರಗಿದಳು. ಸಾಲ್ಹಾ ಬೋಗುಣಿ ತೆಗೆದುಕೊಂಡು ಹೋದ ಮೇಲೆ ಅತ್ತೆ ಕಣ್ಣು ಬಿಟ್ಟಳು.

ಸುಂದುಸ್ ತನ್ನ ಅಂಗೈಗೆ ಅಂಟಿದ್ದ ಹಸಿ ಮದರಂಗಿಯನ್ನೂ ಅಮ್ಮನ ಕೈಯನ್ನೂ ನೋಡಿದಳು. ಇಷ್ಟು ಸೊಟ್ಟಗೆ ಯಾರು ಹಚ್ಚಿದ್ದು ಎಂದು ಮೆಲ್ಲಗೆ ಕೇಳಿದಳು. ಹಚ್ಚಿದವಳು ಗಟ್ಟಿಗಿತ್ತಿಯೇ, ಮದುಮಗಳು ನಡುಗುತ್ತಿದ್ದಳು ಎಂದಳು ಅತ್ತೆ. ಸುಂದುಸ್ ನಕ್ಕಳು, ನಗುತ್ತಲೇ ಅವಳ ಕಣ್ಣು ತುಂಬಿತು.

“ಕಸುಬಿನ ಮಾತು ಹೇಳೋಕೆ ಇಷ್ಟು ದೂರ ಬಂದ್ಯಾ ಅಮ್ಮ?”

“ನಂಗೆ ಗೊತ್ತಿರೋದು ಅದೊಂದೇ ಮಾತು. ಬೇರೆಯವರಿಗೆಲ್ಲ ಹೇಳಿದೆ, ನಂಗೆ ಹೇಳ್ಕೊಂಡಿರ್ಲಿಲ್ಲ. ಇವತ್ತು ಹಡಗಲ್ಲಿ ಹೇಳ್ಕೊಂಡು ನೋಡಿದೆ. ಗಟ್ಟಿ ಇದೆ, ಅದಕ್ಕೇ ನಿನಗೆ ತಂದೆ.”

ನಾನು ಚೀಲದಿಂದ ಬಟ್ಟೆ ತೆಗೆದು ಮಂಚದ ಮೇಲಿಟ್ಟೆ, ಇನ್ನಾದರೂ ಅತ್ತೆಯ ಕೈಗೆ ಸುತ್ತಿದರೆ ಹಾಸಿಗೆಯ ಹೊದಿಕೆಯಾದರೂ ಉಳಿಯುತ್ತದೆ ಎಂದು. ಸುಂದುಸ್ ಮದರಂಗಿ ಮನೆಯ ಮಗಳು, ಗಂಟು ಬಿದ್ದರೆ ಹಚ್ಚಿದವಳು ಎದ್ದು ಹೋಗಬಹುದು ಎಂಬ ನಿಯಮ ಅವಳಿಗೂ ಗೊತ್ತು. ಅವಳು ಬಟ್ಟೆಯನ್ನು ಕೈಗೆತ್ತಿಕೊಂಡು ಒಂದು ಸುತ್ತು ಬಿಡಿಸಿದಳು.

“ಕಟ್ಲಾ ಅಮ್ಮ?” ಎಂದಳು.

ಅತ್ತೆ ಮಗಳ ಮುಖ ನೋಡಿದಳು. ಸುಂದುಸ್ ಬಟ್ಟೆಯನ್ನು ಮಡಿಸಿ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು.